ನ್ಯಾನೊಟ್ಯೂಬ್ ಟ್ರಾನ್ಸಿಸ್ಟರ್ ಪೂರ್ತಿ ಆಫ್ ಆಗ್ತಿಲ್ಲ, ಏನು ಮಾಡೋದು?

ಪ್ರಶ್ನೆ, ಎಂ.ಟೆಕ್ ವಿದ್ಯಾರ್ಥಿನಿ:
ಕಾರ್ಬನ್ ನ್ಯಾನೊಟ್ಯೂಬ್ (ಇಂಗಾಲದ ಅತಿ ಸಣ್ಣ ಕೊಳವೆ) ಥಿನ್ ಫಿಲ್ಮ್ ಟ್ರಾನ್ಸಿಸ್ಟರ್ ಮಾಡಿ, ಅದರಿಂದ ಇನ್ವರ್ಟರ್ (1 ಅನ್ನು 0, 0 ಅನ್ನು 1 ಮಾಡುವ ಸರ್ಕ್ಯೂಟ್) ಕಟ್ಟುವುದು ನನ್ನ ಪ್ರಾಜೆಕ್ಟ್. ನ್ಯಾನೊಟ್ಯೂಬ್ ಬೆರೆತ ಇಂಕ್ ಬಾಟಲಿ ಮೇಲೆ 99% ಸೆಮಿಕಂಡಕ್ಟಿಂಗ್ ಅಂತಿದೆ. ಆಕ್ಸೈಡ್ ಇರುವ ಸಿಲಿಕಾನ್ ವೇಫರ್, ಚಾನೆಲ್ (ಕರೆಂಟ್ ಹರಿಯುವ ದಾರಿ) 4 ಮೈಕ್ರಾನ್ ಉದ್ದ. ಆನ್ ಕರೆಂಟ್ ಚೆನ್ನಾಗಿದೆ, ಆದರೆ ಆನ್-ಆಫ್ ಅನುಪಾತ (ಆನ್ ಕರೆಂಟ್ ಆಫ್ ಕರೆಂಟಿನ ಎಷ್ಟು ಪಟ್ಟು ಅನ್ನುವುದು) 20 ದಾಟುತ್ತಿಲ್ಲ. ಈ ಕೆಲಸ ಮಾಡಿದವರು ಸಲಹೆ ಕೊಡಿ.

ಬೆಂಗಳೂರಿನಿಂದ:
ಇಂಕನ್ನು ಆಮೇಲೆ ಬೈಯೋಣ, ಮೊದಲು ಚಾನೆಲ್ ನೋಡಿ. 99% ಅಂದರೂ ನೂರಕ್ಕೊಂದು ಟ್ಯೂಬ್ ಲೋಹದಂತೆ ಕರೆಂಟ್ ಹರಿಸುವಂಥದ್ದೇ, ಆನ್-ಆಫ್ ಮಾಡುವ ಗೇಟ್ ಮಾತು ಅದು ಕೇಳುವುದಿಲ್ಲ. ಟ್ಯೂಬ್ ಒಂದೆರಡು ಮೈಕ್ರಾನ್ ಉದ್ದವಿದ್ದರೆ, ಅಂಥ ಎರಡು ಮೂರು ಸೇರಿದರೆ ಸಾಕು, ಚಾನೆಲ್‌ನ ಒಂದು ತುದಿಯ ಸೋರ್ಸ್‌ನಿಂದ ಇನ್ನೊಂದು ತುದಿಯ ಡ್ರೇನ್‌ಗೆ ನೇರ ದಾರಿ. ಒಂದೇ ಚಿಪ್‌ನಲ್ಲಿ 10, 20, 50, 100 ಮೈಕ್ರಾನ್ ಚಾನೆಲ್ ಹಾಕಿ ಅಳೆಯಿರಿ. ಉದ್ದ ಹೆಚ್ಚಿದಂತೆ ಆಫ್ ಕರೆಂಟ್ ಸರ್ರನೆ ಇಳಿದರೆ ಕಳ್ಳ ಸಿಕ್ಕ ಹಾಗೆ. ಇಳಿಯದಿದ್ದರೆ ಗೇಟ್‌ನಿಂದ ಸೋರುವ ಕರೆಂಟ್ ಅಳೆಯಿರಿ. ಚಾನೆಲ್ ಆಚೆ ಉಳಿದ ಟ್ಯೂಬ್‌ಗಳನ್ನು ಆಕ್ಸಿಜನ್ ಪ್ಲಾಸ್ಮಾದಲ್ಲಿ ಸುಟ್ಟಿದ್ದೀರಾ? ಇಲ್ಲದಿದ್ದರೆ ಕರೆಂಟ್ ಪಕ್ಕದಿಂದಲೂ ನುಸುಳುತ್ತದೆ.

ಇನ್ನೊಂದು ದಾರಿ ಇದೆ. 2008ರಲ್ಲಿ ಅಮೆರಿಕದ ಇಲಿನಾಯ್ ತಂಡ ಪ್ಲಾಸ್ಟಿಕ್ ಮೇಲೆ ನ್ಯಾನೊಟ್ಯೂಬ್ ಸರ್ಕ್ಯೂಟ್ ಮಾಡಿದಾಗ, ಫಿಲ್ಮನ್ನು ಉದ್ದುದ್ದ ಸಣ್ಣ ಪಟ್ಟಿಗಳಾಗಿ ಕತ್ತರಿಸಿತ್ತು. ಲೋಹದ ದಾರಿ ಅಲ್ಲಲ್ಲೇ ತುಂಡಾಗುತ್ತದೆ, ಆನ್ ಕರೆಂಟ್ ಅಷ್ಟೇನೂ ಬೀಳುವುದಿಲ್ಲ. ಮಾಸ್ಕ್ (ಚಿಪ್ ಮೇಲೆ ಆಕಾರ ಮೂಡಿಸುವ ಅಚ್ಚು) ಹೇಗೂ ಬದಲಿಸುತ್ತೀರಲ್ವಾ, ಇದನ್ನೂ ಸೇರಿಸಿ.

ಜರ್ಮನಿಯಿಂದ:
ಬಾಟಲಿ ಮೇಲಿನ 99% ಸಾಮಾನ್ಯವಾಗಿ ಬೆಳಕಿನ ಹೀರಿಕೆಯ ಲೆಕ್ಕ. ಆರ್ಕ್ ಡಿಸ್ಚಾರ್ಜ್ ವಿಧಾನದಲ್ಲಿ ಮಾಡಿದ ನ್ಯಾನೊಟ್ಯೂಬಾದರೆ ಸುಮಾರು 700 ನ್ಯಾನೊಮೀಟರ್ ಆಸುಪಾಸಿನ, ಲೋಹದಂಥ ಟ್ಯೂಬ್‌ಗಳ ಹೀರಿಕೆಯ ಶಿಖರ ನೋಡುತ್ತಾರೆ. 99 ದಾಟಿದ ಮೇಲೆ ಆ ಶಿಖರ ಹಿನ್ನೆಲೆಯಲ್ಲೇ ಮುಳುಗಿಬಿಡುತ್ತದೆ. ಆಗ ಸಾಕ್ಷಿ ಹೇಳುವುದು ಟ್ರಾನ್ಸಿಸ್ಟರೇ. ಪಿಎಫ್‌ಒ ಥರದ ಪಾಲಿಮರ್ ಸುತ್ತಿ, ಟಾಲ್ಯೂಯಿನ್ ದ್ರಾವಕದಲ್ಲಿ ಬೇರ್ಪಡಿಸಿದ ಇಂಕ್ ಸಿಕ್ಕರೆ ಅದನ್ನೇ ತಗೊಳ್ಳಿ. ಹಾಕಿದ ಮೇಲೆ ಚೆನ್ನಾಗಿ ತೊಳೆಯಿರಿ, ಪಾಲಿಮರ್ ಜಾಸ್ತಿ ಉಳಿದರೆ ಕಾಂಟ್ಯಾಕ್ಟ್ ಕೆಡುತ್ತದೆ.

ಮೈಸೂರಿನಿಂದ:
ಅನುಪಾತ ಸರಿಹೋದ ಮೇಲೆ ನಿಜವಾದ ತಲೆನೋವು ಹಿಸ್ಟೆರಿಸಿಸ್, ಅಂದರೆ ವೋಲ್ಟೇಜ್ ಏರುವಾಗಿನ ಗೆರೆ ಇಳಿಯುವಾಗ ಸಿಗದಿರುವುದು. ಗೇಟ್ ವೋಲ್ಟೇಜನ್ನು ಹೋಗುವಾಗ, ಬರುವಾಗ ಎರಡೂ ಕಡೆ ಅಳೆಯಿರಿ. ಎರಡು ಗೆರೆ ದೂರ ದೂರ ಇದ್ದರೆ ಇನ್ವರ್ಟರ್ ಎಲ್ಲಿ ಮಗುಚುತ್ತದೆ ಅಂತ ನಂಬುವ ಹಾಗಿಲ್ಲ. ಆಕ್ಸೈಡ್ ಮೇಲೆ ಕೂತ ನೀರು ಇದಕ್ಕೆ ದೊಡ್ಡ ಕಾರಣ. ವ್ಯಾಕ್ಯೂಮ್‌ನಲ್ಲಿ ಕಾಯಿಸಿ, ಮೇಲೆ ಪಿಎಂಎಂಎ ಪ್ಲಾಸ್ಟಿಕ್ ಬಳಿದರೆ ತಕ್ಕಮಟ್ಟಿಗೆ ಇಳಿಯುತ್ತದೆ. ಮಳೆಗಾಲದಲ್ಲಂತೂ ತೆರೆದ ಚಿಪ್ಪನ್ನು ಸುಮ್ನೆ ಮೇಜಿನ ಮೇಲೆ ಬಿಡಬೇಡಿ.

ಗಾಳಿಯಲ್ಲಿ ಈ ಟ್ರಾನ್ಸಿಸ್ಟರ್‌ಗಳು ಪಿ-ಟೈಪ್ (ಧನ ಆವೇಶ ಸಾಗಿಸುವಂಥವು). ಎನ್-ಟೈಪ್ (ಎಲೆಕ್ಟ್ರಾನ್ ಸಾಗಿಸುವಂಥದ್ದು) ಬೇಕಾದರೆ ಎಎಲ್‌ಡಿಯಲ್ಲಿ (ಪರಮಾಣು ಪದರಗಳನ್ನು ಒಂದೊಂದಾಗಿ ಹಾಕುವ ವಿಧಾನ) ಹ್ಯಾಫ್ನಿಯಂ ಆಕ್ಸೈಡ್ ಹೊದಿಸುವ ದಾರಿ ಇದೆ. ಎಂ.ಟೆಕ್ ಅವಧಿಗೆ ಎರಡೂ ಟ್ರಾನ್ಸಿಸ್ಟರ್ ಪಿ-ಟೈಪ್ ಇರುವ ಇನ್ವರ್ಟರ್ ಸಾಕು ಅನ್ನುವುದು ನನ್ನ ಮಾತು.

ಬೆಂಗಳೂರಿನಿಂದ, ಮತ್ತೆ:
ಒಪ್ಪಿದೆ. 2019ರಲ್ಲಿ ಎಂಐಟಿಯವರು 14,000ಕ್ಕೂ ಹೆಚ್ಚು ನ್ಯಾನೊಟ್ಯೂಬ್ ಟ್ರಾನ್ಸಿಸ್ಟರ್‌ಗಳ 16 ಬಿಟ್ ಪ್ರೊಸೆಸರ್ ಮಾಡಿದರು. ಅವರೂ ಲೋಹದ ಟ್ಯೂಬ್ ಪೂರ್ತಿ ತೆಗೆಯಲಿಲ್ಲ. ಅದರ ತೊಂದರೆ ಕಡಿಮೆ ತಟ್ಟುವ ಲಾಜಿಕ್ ಗೇಟ್ ಜೋಡಣೆ ಆರಿಸಿಕೊಂಡು, 99.99% ಶುದ್ಧತೆಯಲ್ಲೇ ಕೆಲಸ ಸಾಧಿಸಿದರು. ನಿಮ್ಮ ಕಾಲೇಜಲ್ಲಿ ಪ್ಲಾಸ್ಮಾ, ಎಎಲ್‌ಡಿ ಇಲ್ಲದಿದ್ದರೆ ಐಐಎಸ್‌ಸಿಯ ನ್ಯಾನೊ ಕೇಂದ್ರದಲ್ಲಿ ಹೊರಗಿನ ಸಂಶೋಧಕರಿಗಿರುವ ಐಎನ್‌ಯುಪಿ ಯೋಜನೆಯ ಬಗ್ಗೆ ಗೈಡ್ ಹತ್ತಿರ ಕೇಳಿ. ಅರ್ಜಿ ಹಾಕುವ ಮೊದಲು ಚಾನೆಲ್ ಉದ್ದದ ಗ್ರಾಫ್ ಕೈಯಲ್ಲಿರಲಿ.