ಎಚ್ಚರ ತಪ್ಪಿ ಬಿದ್ದ ಅಪ್ಪ ಮತ್ತೆ ಜೀಪು ಓಡಿಸಬಹುದಾ?

ಪ್ರಶ್ನೆ (ಮೂಡಿಗೆರೆಯಿಂದ):
ಅಪ್ಪನಿಗೆ 61. ಹೋದ ವಾರ ಕಣದಲ್ಲಿ ಕೂತು ಕಾಫಿ ಆರಿಸ್ತಿದ್ದವರು, ಎದ್ದು ನಿಂತ ಕೂಡಲೇ ಕಣ್ಣು ಕತ್ತಲೆ ಬಂದು ಬಿದ್ದರು. ಅರೆ ನಿಮಿಷದಲ್ಲಿ ಎಚ್ಚರ ಆಯ್ತು, ಹಣೆ ತಣ್ಣಗೆ ಬೆವತಿತ್ತು. ಬಿಪಿ ಮಾತ್ರೆ ತಗೋತಾರೆ. ಈಗ “ಏನೂ ಆಗಿಲ್ಲ ಬಿಡು ಮಗಾ” ಅಂತ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೊರಟಿದ್ದಾರೆ, ಜೀಪು ತಾವೇ ಓಡಿಸ್ತಾರಂತೆ. ಕೀ ನನ್ನ ಹತ್ರ ಇದೆ. ಕೊಡಲಾ?

ಉತ್ತರ (ಹಾಸನ, ನರ್ಸ್):
ಕೊಡಬೇಡಮ್ಮ. ಎದ್ದ ತಕ್ಷಣ ಬಿಪಿ ಇಳಿದು ಹೀಗಾಗೋದುಂಟು, ಮಾತ್ರೆಯಿಂದಲೂ ಆಗುತ್ತೆ. ಆದರೆ ಹೃದಯದ ಬಡಿತ ಏರುಪೇರಾದರೂ ಹೀಗೇ ಬೀಳ್ತಾರೆ, ಅದನ್ನ ನೋಡದೆ ಬಿಡೋ ಹಾಗಿಲ್ಲ. ಮಲಗಿದಾಗ, ನಿಂತಾಗ ಎರಡೂ ಬಿಪಿ ನೋಡಿಸು. ಇಸಿಜಿ, ಶುಗರ್ ಮಾಡಿಸು. ಡೌಟ್ ಬಂದರೆ ಡಾಕ್ಟರು 24 ಗಂಟೆ ಹೋಲ್ಟರ್ ಹಾಕ್ತಾರೆ, ಅಂದರೆ ಮೈಮೇಲೆ ಕಟ್ಟಿಕೊಂಡೇ ಹೃದಯದ ಬಡಿತ ದಾಖಲಿಸೋ ಸಣ್ಣ ಯಂತ್ರ. ಮಾತ್ರೆ ಮಾತ್ರ ನೀವಾಗೇ ನಿಲ್ಲಿಸಬೇಡಿ. ಬಿದ್ದಿದ್ದನ್ನ ಕಂಡವರು ಜೊತೆಗೆ ಹೋಗಲೇಬೇಕು, ಬಿದ್ದವರಿಗೆ ಅದು ನೆನಪಿರಲ್ಲ.

ಉತ್ತರ (ಸಕಲೇಶಪುರ, ಲಾರಿ ಡ್ರೈವರ್):
ಘಾಟಿ ತಿರುವಲ್ಲಿ ಎರಡು ಸೆಕೆಂಡು ಕಣ್ಣು ಮಂಜಾದರೆ ಮುಗೀತು, ಎದುರಿಗೆ ಬರೋರ ಗತಿ? ಲೈಸೆನ್ಸಿನ ಫಾರಂ 1ರಲ್ಲೇ ಇದ್ದಕ್ಕಿದ್ದಂತೆ ಪ್ರಜ್ಞೆ ತಪ್ಪುತ್ತಾ ಅಂತ ಕೇಳ್ತಾರಲ್ಲ. ಡಾಕ್ಟರು ಓಡಿಸಿ ಅನ್ನೋವರೆಗೂ ಬೈಕೂ ಬೇಡ ತಂಗಿ.

ಕೇಳಿದವರು:
ಅಪ್ಪ ಮುನಿಸಿಕೊಂಡು ಊಟಕ್ಕೂ ಬರ್ಲಿಲ್ಲ. ಆದರೂ ನಾಳೆ ಚಿಕ್ಕಮಗಳೂರಿಗೆ ತೋರಿಸೋಕೆ ಒಪ್ಪಿದ್ದಾರೆ. ಬಿದ್ದಿದ್ದು ಕಂಡಿದ್ದು ಅಮ್ಮ, ಅವರೂ ಬರ್ತಾರೆ. ಓಡಿಸೋದು ನಾನೇ.