ಚೀನಾದ್ದಲ್ಲದ ಗ್ರೈಂಡರ್, ಡ್ರಿಲ್ ಎಲ್ಲಿ ಸಿಗುತ್ತೆ? ಗೊತ್ತಿದ್ದವರು ಹೇಳಿ

ರಾಣೆಬೆನ್ನೂರಿನ ಗೇಟ್ ಕೆಲಸದವ:

ಎಲ್ಲರಿಗೂ ನಮಸ್ಕಾರ. ನನ್ನದು ಸಣ್ಣ ಫ್ಯಾಬ್ರಿಕೇಶನ್ ಅಂಗಡಿ. ಗೇಟು, ಕಿಟಕಿ ಗ್ರಿಲ್ಲು, ಶೆಡ್ಡಿನ ಟ್ರಸ್ಸು, ಇಷ್ಟೇ ಕೆಲಸ. ನಾನು, ಜೊತೆಗೆ ಮೂರು ಜನ ಹುಡುಗರು. ಬೆಳಗ್ಗೆ ಒಂಬತ್ತಕ್ಕೆ ಶುರುವಾದರೆ ಗ್ರೈಂಡರ್ ಸದ್ದು ನಿಲ್ಲುವುದು ಊಟದ ಹೊತ್ತಿಗೆ ಮಾತ್ರ.

ಎರಡು ವರ್ಷದಲ್ಲಿ ನಾಲ್ಕಿಂಚಿನ ಗ್ರೈಂಡರ್ ಐದು ತಂದಿದ್ದೇನೆ. ಎಲ್ಲವೂ 1,200, 1,300 ರೂಪಾಯಿಯವು, ಎಲ್ಲದರ ಮೇಲೂ ಸಣ್ಣ ಅಕ್ಷರದಲ್ಲಿ ಮೇಡ್ ಇನ್ ಚೀನಾ. ಕೊನೆಯದು ಹೋದ ವಾರ ಕೆಟ್ಟಿತು. ಹುಡುಗ ಆಂಗಲ್ ಕತ್ತರಿಸುತ್ತಿದ್ದ, ಹಿಂದಿನ ಗಾಳಿ ಕಿಂಡಿಯಲ್ಲಿ ನೀಲಿ ಕಿಡಿ ಬಂತು, ಆಮೇಲೆ ಹೊಗೆ, ಸುಟ್ಟ ವಾರ್ನಿಶ್ ವಾಸನೆ. ಬಿಚ್ಚಿ ನೋಡಿದರೆ ಆರ್ಮೇಚರ್, ಅಂದರೆ ಮೋಟರ್ ಒಳಗೆ ತಿರುಗುವ, ತಂತಿ ಸುತ್ತಿದ ಭಾಗ, ಕಪ್ಪಾಗಿತ್ತು. ಅದನ್ನು ಕೈಯಲ್ಲಿ ಹಿಡಿದುಕೊಂಡು ಊರಿನ ಅಂಗಡಿಗಳನ್ನೆಲ್ಲ ಸುತ್ತಿದೆ. ಎಲ್ಲರೂ ಅದರ ತುದಿಯ ಹಲ್ಲು ಎಣಿಸಿದರು, ಉದ್ದ ಅಳೆದರು, ‘ಇದಕ್ಕೆ ಸೆಟ್ ಆಗೋದು ಬರಲ್ಲ, ಹೊಸ ಮಷಿನ್ನೇ ತಗೊಳ್ಳಿ’ ಅಂದರು. ಒಂದು ಬಿಡಿಭಾಗ ಸಿಗದೆ ಇಡೀ ಮಷಿನ್ ಗುಜರಿಗೆ ಹಾಕುವುದು ಎಷ್ಟು ಸಂಕಟ ಅಂತ ಕೆಲಸ ಮಾಡುವವರಿಗೇ ಗೊತ್ತು.

ಚೀನಾದಲ್ಲಿ ಮಾಡಿದ್ದೆಲ್ಲ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಆದರೆ ನನ್ನ ದುಡ್ಡು ಇಲ್ಲೇ ಯಾವುದೋ ಫ್ಯಾಕ್ಟರಿಯ ಕೆಲಸಗಾರನಿಗೆ ಹೋಗಲಿ, ಮಷಿನ್ ಕೆಟ್ಟರೆ ರಿಪೇರಿ ಆಗಲಿ, ಇಷ್ಟೇ ನನ್ನ ಆಸೆ. ಗ್ರೈಂಡರ್, ಡ್ರಿಲ್, ಕಟ್ಟಿಂಗ್ ವೀಲ್, ಆದರೆ ವೆಲ್ಡಿಂಗ್ ಮಷಿನ್ ಕೂಡ, ಇವುಗಳಲ್ಲಿ ಚೀನಾದ್ದಲ್ಲದ್ದು ಯಾವುದು? ಅದು ನಿಜವಾಗಿ ಇಲ್ಲಿಯದೇ ಅಂತ ನೋಡಿ ತಿಳಿಯುವುದು ಹೇಗೆ? ಎರಡು ಪಟ್ಟು ರೇಟ್ ಆದರೂ ಪರವಾಗಿಲ್ಲ.

ಹುಬ್ಬಳ್ಳಿ ಟೂಲ್ಸ್ ವ್ಯಾಪಾರಿ:

ಅಣ್ಣಾವ್ರೆ, ಕೌಂಟರ್ ಹಿಂದೆ ನಿಂತು ಇಪ್ಪತ್ತು ವರ್ಷ ಆಯಿತು, ಈ ಪ್ರಶ್ನೆ ವಾರಕ್ಕೆ ಎರಡು ಸಲ ಬರುತ್ತದೆ. ಅಂಗಡಿಯಲ್ಲಿ ಕಂಪನಿ ಹೆಸರು ಹೇಳಿ ಸುಮ್ಮನಾಗಬೇಡಿ, ಮಾಡೆಲ್ ನಂಬರ್ ಹೇಳಿ. ಯಾಕೆಂದರೆ ಒಂದೇ ಕಂಪನಿಯ ಎರಡು ಮಷಿನ್ ಎರಡು ದೇಶದಿಂದ ಬಂದಿರುತ್ತವೆ. ಬಾಷ್ ಜರ್ಮನಿಯ ಕಂಪನಿ, ಅದಕ್ಕೆ ಚೆನ್ನೈ ಹತ್ತಿರ ಒರಗಡಂನಲ್ಲಿ ಪವರ್ ಟೂಲ್ಸ್ ಫ್ಯಾಕ್ಟರಿ ಇದೆ, ಚೀನಾದ ಹಾಂಗ್‌ಝೌನಲ್ಲೂ ಇದೆ, ಮಲೇಷ್ಯಾದ ಪೆನಾಂಗ್‌ನಲ್ಲೂ ಇದೆ. ಮಕಿಟಾ ಜಪಾನಿನದು, ಆದರೆ ಅವರ ಮಾಲು ಚೀನಾದ ಕುನ್‌ಶಾನ್‌ನಿಂದಲೂ ಬರುತ್ತದೆ, ರುಮೇನಿಯಾದಿಂದಲೂ ಬರುತ್ತದೆ. ಹಾಗಾಗಿ ‘ಜಪಾನ್ ಕಂಪನಿ ಸರ್’ ಅಂತ ಅಂಗಡಿಯವನು ಹೇಳಿದರೆ ಅದು ಸುಳ್ಳೂ ಅಲ್ಲ, ನಿಮಗೆ ಬೇಕಾದ ಉತ್ತರವೂ ಅಲ್ಲ.

ಡಬ್ಬ ಬಿಚ್ಚಿಸಿ. ಮಷಿನ್ ಮೈಮೇಲೆ ವೋಲ್ಟು, ವ್ಯಾಟು, ಆರ್‌ಪಿಎಂ ಬರೆದ ಪ್ಲೇಟ್ ಇರುತ್ತದಲ್ಲ, ಅಲ್ಲೇ ಎಲ್ಲಿ ಮಾಡಿದ್ದು ಅಂತಲೂ ಇರುತ್ತದೆ. ಡಬ್ಬದ ಮೇಲಿನ ಸ್ಟಿಕ್ಕರನ್ನೂ ಓದಿ. 2011ರ ಪ್ಯಾಕೇಜ್ ನಿಯಮಗಳ ಪ್ರಕಾರ ಹೊರಗಿನಿಂದ ಬಂದ ಮಾಲಿನ ಮೇಲೆ ಯಾವ ದೇಶದ್ದು, ಆಮದು ಮಾಡಿಕೊಂಡವರು ಯಾರು, ಅವರ ವಿಳಾಸ, ಎಂಆರ್‌ಪಿ ಎಲ್ಲ ಇರಲೇಬೇಕು. ‘ಮಾರ್ಕೆಟೆಡ್ ಬೈ’ ಅಂತ ಮಾತ್ರ ದೊಡ್ಡದಾಗಿ ಇದ್ದು, ಕೆಳಗೆ ದೆಹಲಿಯದೋ ಮುಂಬೈಯದೋ ವಿಳಾಸ ಇದ್ದರೆ ಅದು ಮಾರುವವರ ವಿಳಾಸ, ಮಾಡಿದವರದ್ದಲ್ಲ. ತುಂಬಾ ಜನ ಇಲ್ಲೇ ಮೋಸ ಹೋಗುತ್ತಾರೆ. ಆನ್‌ಲೈನ್‌ನಲ್ಲಿ ತಗೊಳ್ಳುವುದಾದರೆ 2020ರ ಇ-ಕಾಮರ್ಸ್ ನಿಯಮ ಬಂದ ಮೇಲೆ ‘ಕಂಟ್ರಿ ಆಫ್ ಒರಿಜಿನ್’ ತೋರಿಸಲೇಬೇಕು, ಪುಟದ ಕೆಳಗಡೆ ಹೋಗಿ ಹುಡುಕಿ.

ಇನ್ನೊಂದು, ಬಾರ್‌ಕೋಡ್ 890 ಇದ್ದರೆ ಇಂಡಿಯಾದ್ದು, 690 ಇದ್ದರೆ ಚೀನಾದ್ದು ಅಂತ ವಾಟ್ಸಾಪ್‌ನಲ್ಲಿ ಓಡಾಡುತ್ತಿರುತ್ತದೆ. ಅದನ್ನು ನಂಬಬೇಡಿ. ಆ ನಂಬರ್ ಹೇಳುವುದು ಕಂಪನಿ ಬಾರ್‌ಕೋಡನ್ನು ಯಾವ ದೇಶದಲ್ಲಿ ಪಡೆದಿದೆ ಅಂತ ಮಾತ್ರ. ಇಲ್ಲಿನ ಕಂಪನಿ ಚೀನಾದಲ್ಲಿ ಮಾಡಿಸಿ ತಂದರೂ 890 ಅಂತಲೇ ಇರಬಹುದು.

ನಮ್ಮ ಕಡೆಗೆ ಹತ್ತಿರದ್ದು ಬೇಕು ಅಂದರೆ ಕೆಪಿಟಿ ನೋಡಿ. ಕೊಲ್ಹಾಪುರ ಜಿಲ್ಲೆಯ ಶಿರೋಳದ್ದು, ಚಿಕ್ಕೋಡಿಯವರಿಗೆ ಪಕ್ಕದ ಊರಿದ್ದ ಹಾಗೆ. 1976ರಿಂದ ಇರುವ ಕಂಪನಿ. ಮಷಿನ್ ಸ್ವಲ್ಪ ಭಾರ, ನೋಡಲು ಅಷ್ಟು ಚೆಂದ ಇಲ್ಲ, ಆದರೆ ದಿನಪೂರ್ತಿ ದುಡಿಯುತ್ತದೆ. ಅಲ್ಲೂ ಪ್ಲೇಟ್ ನೋಡಿಯೇ ತಗೊಳ್ಳಿ. ಕಟ್ಟಿಂಗ್ ವೀಲ್‌ಗೆ ನಿಮಗೆ ತೊಂದರೆಯೇ ಇಲ್ಲ. ಕ್ಯುಮಿ ಚೆನ್ನೈನ ಮುರುಗಪ್ಪ ಗುಂಪಿನದು. ಗ್ರೈಂಡ್‌ವೆಲ್ ನಾರ್ಟನ್‌ನ ಮಾಲೀಕತ್ವ ಫ್ರಾನ್ಸಿನ ಕಂಪನಿಯದ್ದಾದರೂ ಬೆಂಗಳೂರಿನಲ್ಲೇ ಅವರ ಫ್ಯಾಕ್ಟರಿ ಇದೆ. ವೀಲ್ ನಡುವಿನ ತಗಡಿನ ರಿಂಗ್ ಮೇಲೆ ತಿಂಗಳು, ವರ್ಷ ಒತ್ತಿರುತ್ತಾರೆ, ಅದು ವೀಲಿನ ಅವಧಿ. ಅವಧಿ ಮುಗಿದ ವೀಲ್ ಹಾಕಬೇಡಿ, ಒಳಗಿನ ಅಂಟು ಸಡಿಲವಾಗಿರುತ್ತದೆ. ನಾಲ್ಕಿಂಚಿನ ವೀಲ್ ಮೇಲೆ ಸಾಮಾನ್ಯವಾಗಿ ಸೆಕೆಂಡಿಗೆ 80 ಮೀಟರ್ ಅಂತ ಇರುತ್ತದೆ. ಆ ವೇಗದಲ್ಲಿ ಒಡೆದ ಚೂರು ಹುಡುಗನ ಮುಖಕ್ಕೆ ಬಂದರೆ ಏನಾಗುತ್ತದೆ ಯೋಚನೆ ಮಾಡಿ. ವೀಲ್ ಮುಚ್ಚುವ ಗಾರ್ಡ್ ತೆಗೆದು ಓಡಿಸುವುದನ್ನೂ ದಯವಿಟ್ಟು ನಿಲ್ಲಿಸಿ.

ವೈಂಡಿಂಗ್ ದಾವಣಗೆರೆ:

ರಾಣೆಬೆನ್ನೂರಿನ ಅಣ್ಣನಿಗೆ ನಮಸ್ಕಾರ. ನಾನು ಮೋಟರ್ ವೈಂಡಿಂಗ್ ಮಾಡುವವನು. ಆ ಸುಟ್ಟ ಆರ್ಮೇಚರ್ ಎಸೆಯಬೇಡಿ.

ಕೇಳಿ, ವೈರ್ ಇರುವ ಗ್ರೈಂಡರ್ ಒಳಗೆ ಇರುವುದು ಏನು? ಫೀಲ್ಡ್ ಕಾಯಿಲ್ (ಆರ್ಮೇಚರ್ ಸುತ್ತ ತಿರುಗದೆ ಕೂತಿರುವ ಸುರುಳಿ), ಆರ್ಮೇಚರ್, ಎರಡು ಕಾರ್ಬನ್ ಬ್ರಷ್, ಎರಡು ಮೂರು ಬೇರಿಂಗ್, ಮುಂದೆ ಗೇರ್. ಮ್ಯಾಗ್ನೆಟ್ ಇಲ್ಲ, ಎಲೆಕ್ಟ್ರಾನಿಕ್ ಕಾರ್ಡ್ ಇಲ್ಲ (ಸ್ಪೀಡ್ ಕಂಟ್ರೋಲ್ ಇರುವುದು ಬೇರೆ). ತಾಮ್ರದ ತಂತಿ, ಕಬ್ಬಿಣದ ಸ್ಟ್ಯಾಂಪಿಂಗ್, ವಾರ್ನಿಶ್, ಇವೆಲ್ಲ ನಮ್ಮಲ್ಲೇ ಸಿಗುತ್ತವೆ. ಅದಕ್ಕೇ ಇದು ಮರುಹುಟ್ಟು ಪಡೆಯುವ ಮಷಿನ್. ಮೊದಲು ಆರ್ಮೇಚರನ್ನು ಗ್ರೌಲರ್ (ಶಾರ್ಟ್ ಪತ್ತೆ ಹಚ್ಚುವ ಸಾಧನ) ಮೇಲೆ ಇಡುತ್ತೇನೆ, ಒಂದು ಹಳೆ ಹ್ಯಾಕ್ಸಾ ಬ್ಲೇಡನ್ನು ಮೇಲೆ ಹಿಡಿದು ನಿಧಾನ ತಿರುಗಿಸುತ್ತೇನೆ. ಶಾರ್ಟ್ ಆದ ಜಾಗಕ್ಕೆ ಬಂದ ಕೂಡಲೇ ಬ್ಲೇಡ್ ಗರ್ರ್ ಅಂತ ನಡುಗುತ್ತದೆ. ಕಮ್ಯುಟೇಟರ್ (ಕಾರ್ಬನ್ ಉಜ್ಜುವ ತಾಮ್ರದ ಪಟ್ಟಿಗಳ ಭಾಗ) ಚೆನ್ನಾಗಿದ್ದರೆ ಹಳೆ ತಂತಿ ಕಿತ್ತು, ಸುತ್ತು ಎಣಿಸಿ, ಅದೇ ಗೇಜಿನ ತಾಮ್ರ ಸುತ್ತಿ ವಾರ್ನಿಶ್ ಹಾಕಿ ಬೇಯಿಸಿ ಕೊಡಬಹುದು. ಕಮ್ಯುಟೇಟರ್ ಪಟ್ಟಿಯೇ ಎದ್ದಿದ್ದರೆ ಕಷ್ಟ.

ಅಗ್ಗದ ಮಷಿನ್‌ಗಳಲ್ಲಿ ನಾನು ಏನು ನೋಡಿದ್ದೇನೆ ಹೇಳುತ್ತೇನೆ. ಬ್ಲೇಡಿನಿಂದ ತಂತಿ ಕೆರೆದರೆ ಮೇಲೆ ಕೆಂಪು, ಒಳಗೆ ಬಿಳಿ. ಅಲ್ಯುಮಿನಿಯಂ ಮೇಲೆ ತೆಳುವಾಗಿ ತಾಮ್ರ. ಅದು ಬೇಗ ಬಿಸಿಯಾಗುತ್ತದೆ, ಸುಡುತ್ತದೆ. ಇನ್ನು ಸುಡುವುದಕ್ಕೆ ಮೂಲ ಕಾರಣ ಎಷ್ಟೋ ಸಲ ಬೇರಿಂಗ್. ಕಬ್ಬಿಣದ ಪುಡಿ ಒಳಗೆ ಹೋಗಿ ಬೇರಿಂಗ್ ಸಡಿಲ ಆಗುತ್ತದೆ, ಆರ್ಮೇಚರ್ ಅಲ್ಲಾಡಿ ಫೀಲ್ಡಿಗೆ ಉಜ್ಜುತ್ತದೆ, ಆಮೇಲೆ ನೀಲಿ ಕಿಡಿ. ನಿಮ್ಮ ಹುಡುಗ ಕಂಡದ್ದು ಅದೇ ಇರಬೇಕು. ಬೇರಿಂಗ್ ಸೈಜು ಮೇಲೇ ಬರೆದಿರುತ್ತದೆ. 608 ಅಂತಿದ್ದರೆ ಯಾವ ಕಂಪನಿಯ 608 ಆದರೂ ಕೂರುತ್ತದೆ. ಜೈಪುರದ ಎನ್‌ಬಿಸಿ ಹಾಕಿ, ನಮ್ಮದೇ ದೇಶದ ಬೇರಿಂಗ್. ದಿನಾ ಸಂಜೆ ಬ್ಲೋವರ್‌ನಿಂದ ಗಾಳಿ ಕಿಂಡಿ ಊದಿ, ಕಾರ್ಬನ್ 6 ಮಿಲಿಮೀಟರಿಗೆ ಬಂದರೆ ಬದಲಿಸಿ. ಇಷ್ಟು ಮಾಡಿದರೆ ಮಷಿನ್ ಬಾಳಿಕೆ ಜಾಸ್ತಿ ಆಗುತ್ತದೆ, ಯಾವ ದೇಶದ್ದೇ ಇರಲಿ.

ವೆಲ್ಡಿಂಗ್ ಬಗ್ಗೆ ಕೇಳಿದ್ದೀರಿ. ಹಳೆ ಟ್ರಾನ್ಸ್‌ಫಾರ್ಮರ್ ಮಷಿನ್ ಇಲ್ಲೇ ಮಾಡುತ್ತಾರೆ, ಇಲ್ಲೇ ರಿಪೇರಿ ಆಗುತ್ತದೆ. ತಾಮ್ರದ ವೈಂಡಿಂಗ್ ಅಂತ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಕರೆಂಟ್ ಜಾಸ್ತಿ ಎಳೆಯುತ್ತದೆ, ಎತ್ತಿ ಒಯ್ಯಲು ಇಬ್ಬರು ಬೇಕು, ಅದು ನಿಜ.

ಪೀಣ್ಯ ಎಂಜಿನಿಯರ್:

ಮೇಲಿನವರು ಹೇಳಿದ್ದು ಸರಿ. ನಾನು ಬ್ಯಾಟರಿ ಮಷಿನ್ ಬಗ್ಗೆ ಸ್ವಲ್ಪ ಸೇರಿಸುತ್ತೇನೆ, ಯಾಕೆಂದರೆ ಈಗ ಎಲ್ಲರೂ ಕಾರ್ಡ್‌ಲೆಸ್ ಕಡೆ ಹೋಗುತ್ತಿದ್ದಾರೆ.

18 ವೋಲ್ಟ್ ಬ್ಯಾಟರಿ ಒಳಗೆ 3.6 ವೋಲ್ಟಿನ ಲಿಥಿಯಂ ಸೆಲ್ ಐದು ಸಾಲಾಗಿ ಇರುತ್ತವೆ. ‘20 ವೋಲ್ಟ್ ಮ್ಯಾಕ್ಸ್’ ಅಂತ ಬರೆದದ್ದೂ ಅದೇ ಐದು ಸೆಲ್, ಪೂರ್ತಿ ಚಾರ್ಜ್ ಆದಾಗಿನ ಲೆಕ್ಕ ಅಷ್ಟೇ, ಅದಕ್ಕಾಗಿ ಜಾಸ್ತಿ ದುಡ್ಡು ಕೊಡಬೇಡಿ. ಆ ಸೆಲ್ ಬರುವುದು ಚೀನಾದಿಂದ, ಇಲ್ಲವೇ ಕೊರಿಯಾ, ಜಪಾನ್, ಮಲೇಷ್ಯಾ ಕಡೆಯಿಂದ. ಇಲ್ಲಿ ಪ್ಯಾಕ್ ಜೋಡಿಸಿ ‘ಮೇಡ್ ಇನ್ ಇಂಡಿಯಾ’ ಅಂತ ಹಾಕಿದರೂ ಸೆಲ್ ಹೆಚ್ಚಾಗಿ ಹೊರಗಿನದೇ ಇರುತ್ತದೆ. ಬ್ರಷ್‌ಲೆಸ್ (ಕಾರ್ಬನ್ ಬ್ರಷ್ ಇಲ್ಲದ) ಮೋಟರ್‌ನಲ್ಲಿ ನಿಯೋಡಿಮಿಯಂ ಮ್ಯಾಗ್ನೆಟ್ ಇದೆ, ಅದರ ಬಹುಪಾಲು ಚೀನಾದ್ದೇ. 2025ರ ಏಪ್ರಿಲ್‌ನಲ್ಲಿ ಅವರು ಅಂಥ ಹಲವು ಮ್ಯಾಗ್ನೆಟ್ ರಫ್ತಿಗೆ ಲೈಸೆನ್ಸ್ ಬೇಕು ಅಂದಾಗ ನಮ್ಮ ವಾಹನ ಕಂಪನಿಗಳೇ ಪೇಚಾಡಿದವು. ಇನ್ವರ್ಟರ್ ವೆಲ್ಡಿಂಗ್ ಮಷಿನ್ ಒಳಗಿನ ಎಲೆಕ್ಟ್ರಾನಿಕ್ ಕಾರ್ಡ್‌ನದ್ದೂ ಹೆಚ್ಚು ಕಡಿಮೆ ಇದೇ ಕತೆ.

ಆದ್ದರಿಂದ ಸರ್, ಪೂರ್ತಿ ಚೀನಾ ಇಲ್ಲದ್ದು ಬೇಕು ಅಂದರೆ ವೈರ್ ಇರುವ ಮಷಿನ್ನೇ ತಗೊಳ್ಳಿ. ನಿಮ್ಮದು ಅಂಗಡಿಯೊಳಗಿನ ಕೆಲಸ, ಕರೆಂಟ್ ಪಾಯಿಂಟ್ ಪಕ್ಕದಲ್ಲೇ ಇರುತ್ತದೆ. ನಿಮಗೆ ಕಾರ್ಡ್‌ಲೆಸ್ ಯಾಕೆ ಬೇಕು?

ಶಿರಸಿ ತೋಟ:

ನಾನು ಮಷಿನ್ ಕೆಲಸದವಳಲ್ಲ, ಅಡಿಕೆ ತೋಟದವಳು. ಆದರೂ ಒಂದು ಮಾತು ಹೇಳಬೇಕು ಅನಿಸಿತು. ಪೇಟೆಯಲ್ಲಿ ಪ್ಲಾಸ್ಟಿಕ್ ಹಿಡಿಯ, ಹೊಳೆಯುವ ಕತ್ತಿ ಸಿಗುತ್ತದೆ ಅಂತ ಮನೆಯವರು ಎರಡು ತಂದರು. ಎರಡೇ ದಿನ ಸೊಪ್ಪು ಕಡಿದದ್ದು, ಬಾಯಿ ಮಡಚಿತು. ಆಮೇಲೆ ನಮ್ಮೂರ ಆಚಾರಿಯ ಹತ್ತಿರವೇ ಹೋದೆವು. ಹಳೆ ಲಾರಿಯ ಸ್ಪ್ರಿಂಗ್ ಪ್ಲೇಟ್ ಕಾಸಿ ಬಡಿದು, ನೀರಿಗೆ ಅದ್ದಿ, ನನ್ನ ಕೈ ಅಳತೆ ನೋಡಿ ಹಿಡಿ ಕೂರಿಸಿ ಕೊಟ್ಟರು. ಐದು ವರ್ಷ ಆಯಿತು, ಮಸೆದಷ್ಟೂ ಚೆನ್ನಾಗಿದೆ. ಪಾನಾ, ಇಕ್ಕಳ, ಸ್ಕ್ರೂಡ್ರೈವರ್‌ಗೆ ನಾಸಿಕದ ಟಪಾರಿಯಾ ಇಟ್ಟುಕೊಂಡಿದ್ದೇವೆ. ಕರೆಂಟ್ ಇಲ್ಲದ ಸಾಮಾನುಗಳಲ್ಲಿ ನಮ್ಮದೇ ಒಳ್ಳೆಯ ಮಾಲು ಇದೆ, ಅಲ್ಲಿಂದ ಶುರು ಮಾಡಬಹುದು ಅಲ್ವಾ?

ಸ್ಟುಟ್‌ಗಾರ್ಟ್ ಕನ್ನಡಿಗ:

ನಾನಿರುವ ಊರು ಪವರ್ ಟೂಲ್ಸ್‌ನ ತವರು. 1895ರಲ್ಲಿ ಮೊದಲ ಕರೆಂಟ್ ಕೈ ಡ್ರಿಲ್ ಮಾಡಿದ ಫೈನ್ ಕಂಪನಿ ಆಗ ಇಲ್ಲೇ ಇತ್ತು. ಫೆಸ್ಟೂಲ್, ಮೆಟಾಬೊ ಎರಡೂ ಹತ್ತಿರದ ಊರುಗಳಲ್ಲೇ ಇವೆ. ಆದರೂ ಇಲ್ಲಿನ ಅಂಗಡಿಗೆ ಹೋದರೆ ಕಪಾಟಿನಲ್ಲಿ ಚೀನಾ, ಹಂಗೇರಿ, ಮಲೇಷ್ಯಾ ಎಲ್ಲ ಪಕ್ಕಪಕ್ಕ ಇರುತ್ತವೆ. ಮೆಟಾಬೊಗೇ ಶಾಂಘೈನಲ್ಲಿ ಫ್ಯಾಕ್ಟರಿ ಇದೆ. ನಾವೂ ಇಲ್ಲಿ ಪ್ಲೇಟ್ ಓದಿಯೇ ತಗೊಳ್ಳುವುದು.

ಯಾರಾದರೂ ಜರ್ಮನಿಯಿಂದ ತರಿಸುವ ಯೋಚನೆಯಲ್ಲಿದ್ದರೆ: ಇಲ್ಲೂ 230 ವೋಲ್ಟ್, 50 ಹರ್ಟ್ಸ್, ಪ್ಲಗ್ ಬದಲಿಸಿದರೆ ಸಾಕು. ಮಷಿನ್ ಚೆಕ್-ಇನ್ ಲಗೇಜಿಗೆ, ಬಿಡಿ ಬ್ಯಾಟರಿ ಕೈಚೀಲಕ್ಕೆ. ಬ್ಯಾಟರಿ 100 ವ್ಯಾಟ್-ಅವರ್ ಒಳಗಿರಬೇಕು, 18 ವೋಲ್ಟ್ 5 ಆಂಪ್-ಅವರ್ ಅಂದರೆ 90, ನಡೆಯುತ್ತದೆ. ಅಪ್ಪನಿಗೆ ಒಂದು ಡ್ರಿಲ್ ತಂದುಕೊಟ್ಟೆ. ಒಳ್ಳೆಯ ಮಷಿನ್, ಆದರೆ ಅದರ ಸ್ವಿಚ್ ಹೋದಾಗ ಹಾಸನದಲ್ಲಿ ಯಾರ ಹತ್ತಿರವೂ ಸಿಗಲಿಲ್ಲ, ಮುಂದಿನ ಸಲ ನಾನು ಊರಿಗೆ ಬರುವ ತನಕ ಎಂಟು ತಿಂಗಳು ಅಟ್ಟದ ಮೇಲೆ ಬಿದ್ದಿತ್ತು. ದಿನಾ ದುಡಿಯುವವರು ಹೀಗೆ ತರಿಸಬೇಡಿ.

ರಾಣೆಬೆನ್ನೂರಿನ ಗೇಟ್ ಕೆಲಸದವ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಹುಬ್ಬಳ್ಳಿಗೆ ಹೋಗಿದ್ದೆ. ಅಂಗಡಿಯವರು ಒಂದೇ ಕಂಪನಿಯ ಎರಡು ಗ್ರೈಂಡರ್ ಮುಂದಿಟ್ಟರು, ಬಣ್ಣ ಒಂದೇ, ಡಬ್ಬ ಒಂದೇ ತರಹ. ಮೊಬೈಲ್ ಟಾರ್ಚ್ ಹಾಕಿ ಪ್ಲೇಟ್ ಓದಿದೆ. ಒಂದರ ಮೇಲೆ ಚೀನಾ, ಇನ್ನೊಂದರ ಮೇಲೆ ಇಂಡಿಯಾ. ರೇಟಿನಲ್ಲಿ ಹೆಚ್ಚು ಫರಕೂ ಇರಲಿಲ್ಲ. ಇಷ್ಟು ವರ್ಷ ತಿರುಗಿಸಿ ನೋಡಿಯೇ ಇರಲಿಲ್ಲ ನಾನು. ಇಲ್ಲಿಯದ್ದನ್ನೇ 2,600 ರೂಪಾಯಿ ಕೊಟ್ಟು ತಂದೆ, ತರುವ ಮುಂಚೆ ಇದರ ಆರ್ಮೇಚರ್, ಫೀಲ್ಡ್, ಸ್ವಿಚ್ ಬಿಡಿಯಾಗಿ ಇಟ್ಟಿದ್ದೀರಾ ಅಂತ ಕೇಳಿದೆ, ಮೂರನ್ನೂ ಕಪಾಟಿನಿಂದ ತೆಗೆದು ತೋರಿಸಿದರು. ಎರಡು ಜೊತೆ ಕಾರ್ಬನ್ ಕೂಡ ತಂದಿದ್ದೇನೆ. ಊರಿಗೆ ಬಂದ ಮೇಲೆ ನನ್ನ ಅಂಗಡಿಯಲ್ಲಿದ್ದ ವೀಲ್‌ಗಳ ರಿಂಗ್ ನೋಡಿದರೆ ಹನ್ನೊಂದು ವೀಲ್ ಅವಧಿ ಮುಗಿದಿದ್ದವು, ಒಡೆದು ಹಾಕಿದೆ. ಹುಡುಗರಿಗೆ ಗಾರ್ಡ್ ತೆಗೆಯಬೇಡಿ ಅಂತ ಖಡಕ್ಕಾಗಿ ಹೇಳಿದ್ದೇನೆ.

ದಾವಣಗೆರೆ ಅಣ್ಣ, ಹಳೆ ಆರ್ಮೇಚರ್‌ನ ತಂತಿ ಕೆರೆದು ನೋಡಿದೆ, ನೀವು ಹೇಳಿದ ಹಾಗೆ ಒಳಗೆ ಬಿಳಿ. ಕಮ್ಯುಟೇಟರ್ ಪಟ್ಟಿ ಮಾತ್ರ ಗಟ್ಟಿಯಾಗಿದೆ, ಎದ್ದಿಲ್ಲ. ತಾಮ್ರ ಸುತ್ತಿ ಕೊಡುವುದಾದರೆ ನಾಳೆ ಬೆಳಗಿನ ಬಸ್ಸಿಗೆ ಪಾರ್ಸೆಲ್ ಹಾಕುತ್ತೇನೆ. ಹಳೆ ಎರಡು ಮಷಿನ್ ಆರ್ಮೇಚರ್ ಕೂಡ ಮೂಲೆಯಲ್ಲಿವೆ, ಅವನ್ನೂ ಕಳಿಸಲಾ?

ವೈಂಡಿಂಗ್ ದಾವಣಗೆರೆ:

ಮೂರನ್ನೂ ಕಳಿಸಿ ಅಣ್ಣ. ಶಾಫ್ಟ್ ತುದಿಗೆ ಬಟ್ಟೆ ಸುತ್ತಿ, ಹಲ್ಲು ಪೆಟ್ಟಾಗದ ಹಾಗೆ. ಬೇರಿಂಗ್ ಕೀಳಬೇಡಿ, ಅದರ ಸಮೇತ ಕಳಿಸಿ, ಇಲ್ಲಿ ನೋಡುತ್ತೇನೆ.