ಜೆಂಟಾಮೈಸಿನ್ ಕೊಟ್ಟ ಇಲಿಗಳು: ಸ್ಲೈಡಿನಲ್ಲಿ ಹಾನಿಯಿದೆ, ಕ್ರಿಯಾಟಿನಿನ್ ಏರಿಲ್ಲ

ಪ್ರಶ್ನೆ – ಎಂ.ಫಾರ್ಮ್ ವಿದ್ಯಾರ್ಥಿನಿ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಒಂದು ಗಿಡಮೂಲಿಕೆಯ ರಸವು ಮೂತ್ರಪಿಂಡವನ್ನು ಕಾಪಾಡುತ್ತದೆಯೇ ಎಂದು ಪರೀಕ್ಷಿಸುವ ಮುನ್ನ, ವಿಸ್ಟಾರ್ ಎಂಬ ಪ್ರಯೋಗಾಲಯದ ತಳಿಯ ಇಲಿಗಳಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 80 ಮಿಲಿಗ್ರಾಂನಂತೆ 8 ದಿನ ಜೆಂಟಾಮೈಸಿನ್ ಎಂಬ ಪ್ರತಿಜೀವಕವನ್ನು ಚುಚ್ಚಿ ಹಾನಿಯನ್ನು ಉಂಟುಮಾಡಿದ್ದೇನೆ. 4ನೇ ದಿನ ಕೆಲವು ಇಲಿಗಳನ್ನು ಪರೀಕ್ಷಿಸಿದಾಗ ಮೂತ್ರಪಿಂಡ ಸೋಸಿ ಹೊರಹಾಕುವ ತ್ಯಾಜ್ಯಗಳಾದ ರಕ್ತದ ಯೂರಿಯಾ, ಕ್ರಿಯಾಟಿನಿನ್ ಎರಡೂ ಔಷಧ ಕೊಡದ ಗುಂಪಿನಷ್ಟೇ ಇದ್ದವು. ಆದರೆ ಅವೇ ಇಲಿಗಳ ಮೂತ್ರಪಿಂಡದ ಸ್ಲೈಡಿನಲ್ಲಿ ನಾಳಿಕೆಯ (ಮೂತ್ರ ಹರಿಯುವ ಸಣ್ಣ ಕೊಳವೆಯ) ಕೋಶಗಳು ಊದಿಕೊಂಡಿವೆ, ಅಲ್ಲಲ್ಲಿ ಅವುಗಳ ಒಳಅಂಚು ಕಳಚಿ ಬಿದ್ದಿದೆ. ಯಾವುದನ್ನು ನಂಬಬೇಕು? ಅಲ್ಲದೆ 8ನೇ ದಿನ ಒಂದೇ ಪಂಜರದ ಇಲಿಗಳಲ್ಲಿ ಮಾತ್ರ ಹಾನಿ ವಿಪರೀತವಾಗಿತ್ತು.

ಉತ್ತರ – ರೋಗಶಾಸ್ತ್ರ (ಪೆಥಾಲಜಿ) ಬೋಧಕ, ಕೊಪ್ಪಳ

ಎರಡನ್ನೂ ನಂಬಬಹುದು, ಏಕೆಂದರೆ ಅವು ಬೇರೆ ಬೇರೆ ಸಂಗತಿಗಳನ್ನು ಹೇಳುತ್ತಿವೆ. ಸೋಸಿ ಬಂದ ಜೆಂಟಾಮೈಸಿನ್‌ನ ಒಂದು ಪಾಲನ್ನು ಪ್ರಾಕ್ಸಿಮಲ್ ಟ್ಯೂಬ್ಯೂಲಿನ, ಅಂದರೆ ನಾಳಿಕೆಯ ಮೊದಲ ಭಾಗದ, ಕೋಶಗಳು ಮೆಗಾಲಿನ್ ಎಂಬ ಗ್ರಾಹಕದ ಮೂಲಕ ಒಳಗೆಳೆದುಕೊಂಡು ಲೈಸೊಸೋಮುಗಳಲ್ಲಿ (ಕೋಶದೊಳಗಿನ ಜೀರ್ಣಚೀಲಗಳಲ್ಲಿ) ಕೂಡಿಟ್ಟುಕೊಳ್ಳುತ್ತವೆ; ಅಲ್ಲಿ ಫಾಸ್ಫೊಲಿಪಿಡ್ ಎಂಬ ಕೊಬ್ಬನ್ನು ಒಡೆಯುವ ಕೆಲಸ ಕುಂಠಿತವಾಗಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಉಳ್ಳಾಗಡ್ಡಿಯ ಪದರಗಳಂಥ ಉಂಡೆಗಳು ಕಾಣುತ್ತವೆ. ಕ್ರಿಯಾಟಿನಿನ್ ತಿಳಿಸುವುದು ಸೋಸುವಿಕೆಯನ್ನು, ನಾಳಿಕೆಯ ಆರೋಗ್ಯವನ್ನಲ್ಲ. ಆದ್ದರಿಂದ ಅದು ತಡವಾಗಿಯೇ ಏರುತ್ತದೆ. ಹಾನಿಯಾದ ನಾಳಿಕೆಯಿಂದ ಮೂತ್ರಕ್ಕೆ ಬರುವ ಕಿಮ್-1 ಎಂಬ ಪ್ರೋಟೀನನ್ನು ಅಳೆದಿದ್ದರೆ ಮೊದಲೇ ಸುಳಿವು ಸಿಗುತ್ತಿತ್ತು.

ಒಂದು ಎಚ್ಚರಿಕೆ. ಮೂತ್ರಪಿಂಡವನ್ನು ತೆಗೆದ ಮೇಲೆ ಅದು ಕೆಡದಂತೆ ಫಾರ್ಮಲಿನ್‌ಗೆ ಹಾಕಲು ತಡವಾದರೂ ಒಳಅಂಚು ಹೀಗೆಯೇ ಕಳಚುತ್ತದೆ, ನಮ್ಮ ಬೇಸಿಗೆಯಲ್ಲಂತೂ ಬೇಗನೆ. ಔಷಧ ಕೊಡದ ಇಲಿಗಳ ಸ್ಲೈಡಿನಲ್ಲೂ ಅದು ಕಂಡರೆ ದೋಷ ನಿಮ್ಮ ಕೈಯದು. ಒಳಅಂಚನ್ನು ಎತ್ತಿ ತೋರಿಸುವ ಪಿ.ಎ.ಎಸ್. ಬಣ್ಣ ಹಾಕಿಸಿ ಒಮ್ಮೆ ಹೋಲಿಸಿ ನೋಡಿ.

ಉತ್ತರ – ಪಶುವೈದ್ಯ, ಸಿಂಧನೂರು

ಆ ಪಂಜರದ ನೀರಿನ ಬಾಟಲಿಯನ್ನು ನೋಡಿದಿರಾ? ದೇಹದಲ್ಲಿ ನೀರಿನಂಶ ಕಡಿಮೆಯಾದರೆ ಇದೇ ಪ್ರಮಾಣದ ಔಷಧ ಮೂತ್ರಪಿಂಡವನ್ನು ಹೆಚ್ಚು ಕೆಡಿಸುತ್ತದೆ. ನಾವು ಎತ್ತು, ಎಮ್ಮೆಗಳಿಗೆ ಕೊಡುವಾಗಲೂ ಭೇದಿಯಿಂದ ಒಣಗಿದ ಪ್ರಾಣಿಗೆ ಮೊದಲು ಗ್ಲೂಕೋಸ್, ಸಲೈನ್ ಏರಿಸುತ್ತೇವೆ.

80 ಎಂಬ ಅಂಕಿಯನ್ನು ನೋಡಿ ಯಾರೂ ಗಾಬರಿಯಾಗಬೇಕಿಲ್ಲ. ದೇಹದ ಮೇಲ್ಮೈಯ ಲೆಕ್ಕದಲ್ಲಿ ಇಲಿಯ ಪ್ರಮಾಣವನ್ನು ಸುಮಾರು 6.2ರಿಂದ ಭಾಗಿಸಿದರೆ ಮನುಷ್ಯನ ಪ್ರಮಾಣ ಸಿಗುತ್ತದೆ, ಅಂದರೆ ಕಿಲೋಗೆ ಸುಮಾರು 13 ಮಿಲಿಗ್ರಾಂ. ರೋಗಿಗಳಿಗೆ ಸಾಮಾನ್ಯವಾಗಿ ಕೊಡುವುದು ದಿನಕ್ಕೆ ಕಿಲೋಗೆ 3ರಿಂದ 5 ಮಿಲಿಗ್ರಾಂ; ಇಲ್ಲಿ ಹಾನಿ ಉಂಟುಮಾಡಲೆಂದೇ ಹೆಚ್ಚು ಕೊಡಲಾಗಿದೆ.

ಪ್ರಶ್ನೆ ಕೇಳಿದವರು

ತಮ್ಮಿಬ್ಬರಿಗೂ ಧನ್ಯವಾದಗಳು, ಸರ್. ಬಾಟಲಿಯ ಮೂತಿಯಲ್ಲಿರುವ ಉಕ್ಕಿನ ಗುಂಡು ಉಪ್ಪುನೀರಿನ ಗಾರೆಯಿಂದ ಕಚ್ಚಿಕೊಂಡಿತ್ತು. ಬೆರಳಿನಿಂದ ಒತ್ತಿದರೂ ಹನಿ ಇಳಿಯಲಿಲ್ಲ. ನೀರಿನ ದಾಖಲೆಯ ಪುಸ್ತಕದಲ್ಲಿ 5ನೇ ದಿನದಿಂದ ಆ ಪಂಜರದ ಅಂಕಿ ಇಳಿದಿರುವುದನ್ನು ನಾನೇ ಬರೆದೂ ಗಮನಿಸಿರಲಿಲ್ಲ. ಆ ಇಲಿಗಳ ಫಲಿತಾಂಶವನ್ನು ಕಾರಣಸಹಿತ ಬೇರೆ ಕೋಷ್ಟಕದಲ್ಲಿ ಕೊಡುತ್ತೇನೆ. ಪಿ.ಎ.ಎಸ್.ಗೆ ಬ್ಲಾಕುಗಳನ್ನು (ಮೇಣದಲ್ಲಿ ಹುದುಗಿಸಿದ ಮೂತ್ರಪಿಂಡದ ತುಂಡುಗಳನ್ನು) ಸೋಮವಾರ ಕಳುಹಿಸುತ್ತಿದ್ದೇನೆ.